ದನದ ಲೆಕ್ಕದ ಹಳದಿ ಪುಡಿ

ಕರಿಗಡ್ಡೆ, ಕೃಷ್ಣಾ ನದಿಯ ನಡುವೆ
ಇಸವಿ ಎರಡು ಸಾವಿರದ ಇನ್ನೂರ ಹದಿನೇಳು, ನೊಣಗಾಲದ ಕೊನೆಯ ವಾರ

ನನಗಿಂತ ನೂರು ವರ್ಷ ಆಚೆ ಈ ನಡುಗಡ್ಡೆಯಲ್ಲಿ ಹುಟ್ಟುವ ನಿಮಗೆ,

ನಿಮ್ಮ ಕಾಲಕ್ಕೆ ಕನ್ನಡ ಯಾವ ರೂಪ ತಾಳಿರುತ್ತದೋ ನನಗೆ ಗೊತ್ತಿಲ್ಲ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಮಾಡಿದ ಕೆಲಸಕ್ಕೆ ಮಾತ್ರ ಕ್ಷಮೆ ಕೇಳುವವಳಲ್ಲ. ನಾನು ಹಂಪಮ್ಮ, ನದಿ ಮಂಡಳಿಯ ಸಂಬಳ ತಿನ್ನುವ ದನದ ಡಾಕ್ಟರು. ನಮ್ಮ ಬೇಲಿದನಗಳನ್ನು ಸಾಗಿಸಲು ನಾಳೆ ಬೆಳಿಗ್ಗೆ ಮಂಡಳಿಯ ದೋಣಿ ಬರುತ್ತದೆ. ನಡೆದದ್ದನ್ನು ಅವರು ತಮಗೆ ಬೇಕಾದಂತೆ ಬರೆದಿಡುತ್ತಾರೆ. ನಮ್ಮ ಕಡೆಯದು ಇಲ್ಲಿದೆ.

ಹಳೆಯ ಅಣೆಕಟ್ಟುಗಳನ್ನು ಒಡೆದ ಮೇಲೆ ಹೊಳೆ ಮತ್ತೆ ಬಂಡೆಗಳ ಮೇಲೆ ಭೋರೆಂದು ಹರಿಯತೊಡಗಿತು. ಓಡುವ ನೀರಿನಲ್ಲೇ ಮರಿ ಮಾಡುವ ಗೂನುಬೆನ್ನಿನ ಕರಿನೊಣ ಬಂತು, ಅದು ಕಚ್ಚಿದಲ್ಲೆಲ್ಲ ಹುಳು ಬಂತು. ಹೆಣ್ಣುಹುಳು ಚರ್ಮದಡಿ ಗಂಟು ಕಟ್ಟಿಕೊಂಡು ಹತ್ತು ಹನ್ನೆರಡು ವರ್ಷ ಮರಿ ಹಾಕುತ್ತಲೇ ಇರುತ್ತದೆ. ಮರಿಗಳು ಮೈಯೆಲ್ಲ ಹರಿದಾಡಿ ತುರಿಕೆ ತರುತ್ತವೆ, ಕಣ್ಣಿಗೆ ಹೊಕ್ಕು ಅಲ್ಲೇ ಸಾಯುತ್ತವೆ, ಹಾಗೆ ಸತ್ತು ಸತ್ತು ಕಣ್ಣನ್ನೂ ಕೆಡಿಸುತ್ತವೆ. ವರ್ಷಕ್ಕೊಮ್ಮೆ ಕೊಡುವ ಬಿಳಿ ಗುಳಿಗೆ ಮರಿಗಳನ್ನು ಕೊಲ್ಲುತ್ತದೆ, ತಾಯಿಯನ್ನಲ್ಲ. ತಾಯಿಯನ್ನು ಕೊಲ್ಲುವುದು ಹಳದಿ ಪುಡಿ. ಹುಳುವಿನ ಮೈಯೊಳಗೆ ಬಾಡಿಗೆಗಿರುವ ಸೂಕ್ಷ್ಮಜೀವಿಗಳನ್ನು ಅದು ಸಾಯಿಸುತ್ತದೆ; ಅವಿಲ್ಲದೆ ತಾಯಿಹುಳು ಮೊದಲು ಬಂಜೆಯಾಗಿ ಆಮೇಲೆ ಸಾಯುತ್ತದೆ. ಮನುಷ್ಯರಿಗೂ ದನಕ್ಕೂ ಅದೇ ಪುಡಿ, ಪ್ರಮಾಣ ಮಾತ್ರ ಬೇರೆ.

ಹೊತ್ತು ಮೂಡುವಾಗ, ಇಳಿಯುವಾಗ ನೊಣಕ್ಕೆ ಊಟದ ವೇಳೆ. ಆ ಎರಡು ಹೊತ್ತೂ ನಾವು ನೀರಿಗೂ ಮನೆಗಳಿಗೂ ನಡುವೆ ದನ ಕಟ್ಟುತ್ತೇವೆ. ಅವೇ ಬೇಲಿದನ. ನೊಣ ಅವುಗಳ ಹೊಟ್ಟೆಯಡಿ ಕೂತು ಹೀರಿಕೊಂಡು ಹೋಗುತ್ತದೆ. ದನದ ಹುಳು ಬೇರೆ ಜಾತಿಯದು. ಅದು ದನದ ಕಣ್ಣಿನ ತಂಟೆಗೆ ಹೋಗುವುದಿಲ್ಲ, ಮನುಷ್ಯರ ಮೈಯಲ್ಲಿ ಬೆಳೆಯಲಾರದೆ ಸಾಯುತ್ತದೆ. ಸಾಯುವ ಮೊದಲು ನಮ್ಮ ಮೈಗೆ ಒಂದು ಪಾಠ ಕಲಿಸುತ್ತದೆ. ಮುಂದೆ ಮನುಷ್ಯರ ಹುಳು ಹೊಕ್ಕರೆ ಮೈ ಗುರುತು ಹಿಡಿದು ತಡೆಯುತ್ತದೆ. ಕೆಲವು ವರ್ಷ ಬೇಲಿಯಲ್ಲಿ ನಿಂತ ಆಕಳಿಗೆ ಹಳದಿ ಪುಡಿ ತಿನ್ನಿಸಿ, ಮೈ ತೊಳೆದು, ಗಡ್ಡೆಯ ನಡುವಿನ ಹುಲ್ಲಿಗೆ ಬಿಡುತ್ತೇವೆ. ಆಮೇಲೆ ಅದನ್ನು ಯಾರೂ ಕಟ್ಟುವಂತಿಲ್ಲ, ಬೈಯುವಂತೆಯೂ ಇಲ್ಲ. "ಮನಿ ಸೊಸಿಗೆ ಇಂಥಾ ಪಿಂಚಣಿ ಯಾವತ್ತರ ಕೊಟ್ಟೀರೇನು" ಎಂದು ನಮ್ಮತ್ತೆ ಆಕಳ ಬೆನ್ನು ತಿಕ್ಕುತ್ತಲೇ ಗೊಣಗುತ್ತಾರೆ.

ಮಂಡಳಿಯವರು ನೊಣ ಹಿಡಿದು ಸೀಳಿ ನೋಡಿದರು, ಒಳಗೆ ಹುಳು ಕಂಡವು. ಮಸೂರದಡಿ ದನದ ಹುಳು, ಮನುಷ್ಯರ ಹುಳು ಒಂದೇ ಥರ ಕಾಣುತ್ತವೆ. ಬೇರ್ಪಡಿಸಿ ಹೇಳುವ ಪರೀಕ್ಷೆ ಇದೆ, ಆದರೆ ತಡವಾಗುತ್ತದೆ. ಅಷ್ಟು ಕಾಯುವ ವ್ಯವಧಾನ ಯಾರಿಗಿದೆ? ರೋಗದ ಮೂಲ ದನವೇ ಎಂದು ತೀರ್ಮಾನಿಸಿ, ಗಡ್ಡೆಗಳ ದನಕ್ಕೆಲ್ಲ ಪುಡಿ ತಿನ್ನಿಸಿ ದೂರ ಸಾಗಿಸಿ ಎಂದು ಆಜ್ಞೆ ಹೊರಡಿಸಿದರು. ಪುಡಿ ತಿನ್ನದ ದನವನ್ನು ಹೊಳೆ ದಾಟಿಸಬಾರದು ಎಂಬುದೂ ಅವರದೇ ನಿಯಮ.

ಹೊಳೆಯಲ್ಲಿ ನಮಗಿಂತ ಮೇಲಿರುವ ಗೋನಗಡ್ಡೆಯವರು ಆರು ವರ್ಷದ ಹಿಂದೆಯೇ ದನ ಒಪ್ಪಿಸಿದರು. ನೊಣ ಉಪವಾಸ ಕೂರುತ್ತದೆಯೆ? ಮನುಷ್ಯರಿಗೆ ಮುತ್ತಿತು. ನನ್ನ ತಂಗಿ ದ್ಯಾವಮ್ಮನನ್ನು ಕೊಟ್ಟದ್ದು ಆ ಊರಿಗೆ. ಈ ವರ್ಷ ಬಂದವಳು ತೋಳೆಲ್ಲ ಕೆರೆದು ಗಾಯ ಮಾಡಿಕೊಂಡಿದ್ದಳು. "ಅಕ್ಕಾ, ಸೂಜ್ಯಾಗ ದಾರ ಹೋಗವಲ್ದು. ನಡು ಮಧ್ಯಾಹ್ನಕ್ಕೂ ಮಬ್ಬು" ಎಂದಳು. ಅವಳಿಗಿನ್ನೂ ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ನಮ್ಮ ದನಕ್ಕೆಂದು ಬಂದ ಹಳದಿ ಪುಡಿಯ ಡಬ್ಬಿಗಳು ನನ್ನ ಕಪಾಟಿನಲ್ಲೇ ಇದ್ದವು. ಗೋನಗಡ್ಡೆಯ ಜನಕ್ಕೆ ಕೊಡುತ್ತೇನೆಂದು ಮಂಡಳಿಯ ಅಧಿಕಾರಿ ಶಂಕ್ರಪ್ಪನವರನ್ನು ಕೇಳಿದೆ. "ಅದು ದನದ ಲೆಕ್ಕದ್ದು ಮೇಡಂ. ಮನಷ್ಯಾರದು ಮುಂದಿನ ವರ್ಷ ಬರ್ತದ, ಸ್ವಲ್ಪ ತಡೀರಿ" ಎಂದರು. ಕೆಟ್ಟ ಮನುಷ್ಯರೇನಲ್ಲ, ಎದ್ದು ನಿಂತು ಮಾತಾಡಿಸಿದರು, ಚಹಾ ತರಿಸಿದರು. ನಾನು ಚಹಾ ಕುಡಿಯದೆ ಎದ್ದು ಬಂದೆ.

ಮರುದಿನದಿಂದ ಆರು ವಾರ ದಿನವೂ ಹರಿಗೋಲಿನಲ್ಲಿ ಗೋನಗಡ್ಡೆಗೆ ಹೋದೆ. ಒಬ್ಬೊಬ್ಬರ ತೂಕ ನೋಡಿ ಪುಡಿ ಅಳೆದು, ಬೆಲ್ಲದಲ್ಲಿ ಉಂಡೆ ಕಟ್ಟಿ, ನುಂಗುವ ತನಕ ಎದುರಿಗೇ ನಿಂತೆ. ಬಸುರಿಯರಿಗೆ, ಹಾಲುಹಲ್ಲಿನ ಮಕ್ಕಳಿಗೆ ಕೊಡಲಿಲ್ಲ. ಅವರಿಗೆ ಈ ಪುಡಿ ಆಗದು. "ದನದ ಔಷಧ ತಿನ್ನಿಸಿ ನಾಳೆ ನನ್ನ ಹಿಂಡಾಕ ಕುಂತಿ ಮತ್ತ" ಎಂದು ದ್ಯಾವಮ್ಮ ನಗುತ್ತಲೇ ನುಂಗಿದಳು. ಹೋದ ದೃಷ್ಟಿ ಬರುವುದಿಲ್ಲವೆಂದು ಅವಳಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದೇನೆ. ಇದ್ದಷ್ಟು ಉಳಿಯುತ್ತದೆ. ಕೊನೆಯ ಡಬ್ಬಿ ನಿನ್ನೆ ಮುಗಿಯಿತು.

ನಾಳೆ ದೋಣಿ ಇಳಿದವರಿಗೆ ನಾನು ಕಪಾಟು ತೆರೆದು ತೋರಿಸುತ್ತೇನೆ. ಪುಡಿಯಿಲ್ಲ, ಆದ್ದರಿಂದ ಅವರ ನಿಯಮದಂತೆಯೇ ನಮ್ಮ ದನ ಹೊಳೆ ದಾಟುವಂತಿಲ್ಲ. ಸರ್ಕಾರದ ಔಷಧ ಕದ್ದೆನೆಂದು ನನ್ನ ಮೇಲೆ ಕೇಸು ಹಾಕುತ್ತಾರೆ, ಹಾಕಲಿ. ಕೆಲಸ ಹೋಗುತ್ತದೆ, ಹೋಗಲಿ. ಹೊಸ ಪುಡಿ ಬರುವುದು ಮುಂದಿನ ವರ್ಷವೇ; ಒಂದು ವರ್ಷ ಸಿಕ್ಕಿತು, ಅಷ್ಟರಲ್ಲಿ ಹುಳು ಯಾವ ಜಾತಿಯದೆಂದು ಹೇಳುವ ಆ ಪರೀಕ್ಷೆಯನ್ನು ಅವರ ಕೈಯಲ್ಲಿ ಮಾಡಿಸಿಯೇ ತೀರುತ್ತೇವೆ.

ನಿಮ್ಮ ಕಾಲದಲ್ಲೂ ಇಂಥ ದೋಣಿ ಬಂದೀತು. ಸಿಕ್ಕಿದ್ದು ಯಾರ ಹುಳು ಎಂದು ಮೊದಲು ಕೇಳಿ. ಉತ್ತರ ಬರುವ ತನಕ ಒಂದು ಆಕಳ ಹಗ್ಗವನ್ನೂ ಬಿಚ್ಚಬೇಡಿ. ಈ ಹಂಪಮ್ಮ ಕಳ್ಳಿ ಎಂದು ಮಂಡಳಿಯ ಕಾಗದಗಳಲ್ಲಿ ಬರೆದಿರುತ್ತದೆ. ಅದನ್ನು ನೀವು ಇನ್ನೊಬ್ಬರಿಂದ ಓದಿಸಿಕೊಳ್ಳದೆ, ನಿಮ್ಮ ಕಣ್ಣಿನಿಂದಲೇ ಓದಿಕೊಳ್ಳಿ.

ಇಂತು,
ಹಂಪಮ್ಮ