ಬೊಗಸೆ ಒಡ್ಡದವರು

೧೯೧೨ ಜನವರಿ ೮, ಸೋಮವಾರ. ಅಜ್ಜಂಪುರ.

ಸಾವಿತ್ರಿ, ಹೇಗಿದ್ದೀಯ ತಾಯಿ? ಶಿವಮೂರ್ತಪ್ಪಣ್ಣನ ಮಂಡಿನೋವು ಇಳಿಯಿತೇ? ಅವ್ವನ ಕಣ್ಣು? ನಿನ್ನ ಸಣ್ಣವಳು ಶಕುಂತಲೆ ಊಟ ಮಾಡುತ್ತಾಳೋ, ಇನ್ನೂ ಗೋಡೆ ಮಣ್ಣೇ ತಿನ್ನುತ್ತಾಳೋ? ನಾವಿಬ್ಬರೂ ಕ್ಷೇಮ.

ದೇವನೂರಿನ ತವರಿಗೆ, ತಂಗಿಗೆ ಹಾಕುವ ಕಾರ್ಡಿನಲ್ಲಿ ಇಷ್ಟೇ ಹಿಡಿಸುವುದು. ಉಳಿದದ್ದು ಇಲ್ಲಿ. ನಿನಗೆ ಹೇಳಿದ ಹಾಗೆ ನನಗೇ ಬರೆದುಕೊಳ್ಳುವುದು. ಅಕ್ಷರ ಸೊಟ್ಟ. ಒಲೆ ಮುಂದೆ ಕೂತು ಮಸಿಯಿಂದ ಗೋಡೆ ಮೇಲೆ ತಿದ್ದಿ ಕಲಿತದ್ದು ಇನ್ನು ಹೇಗಿದ್ದೀತು.

ರಾಗಿ ಬೀಸಿದೆ. ಇವರು ಶಾಲೆಗೆ ಹೋದರು, ನಾನು ಕೇರಿಗೆ. ಮುದ್ದಪ್ಪನ ಕಾಲಿನ ಹುಣ್ಣು ತೊಳೆದೆ, ಬೈಸಿಕೊಂಡೆ. ಹುಚ್ಚಮ್ಮನ ಜೊತೆ ಒಂದು ಕೀರ್ತನೆ, ಅರ್ಧ ಜಗಳ. ಮಿಷನ್ನಿನ ಪಟ್ಟಿಯಲ್ಲಿ ಉಪದೇಶಿ ಎಂದು ಇವರೊಬ್ಬರ ಹೆಸರೇ ಇರುವುದು. ಕೇರಿಯವರು ಕೂಗುವುದು ನನ್ನನ್ನು.

ನಿನ್ನೆ ತರೀಕೆರೆಯಿಂದ ಮಿಷನ್ನಿನ ಪಾದ್ರಿ ದೊರೆ, ದೊರೆಸಾನಿ ಬಂದಿದ್ದರು. ತಿಂಗಳ ಮೊದಲ ಭಾನುವಾರ ಪ್ರಭುಭೋಜನ, ಯೇಸುವಿನ ಹೆಸರಲ್ಲಿ ಒಂದೇ ಬಟ್ಟಲಿನ ದ್ರಾಕ್ಷಾರಸ ಎಲ್ಲರೂ ಕುಡಿಯುವುದು. ಬೀರೂರಿನಲ್ಲಿ ಟ್ರೈನು ಬದಲಿಸಿ, ಬಿಸಿಲಲ್ಲಿ ಕಾದು, ಮುಖ ಕೆಂಪಗೆ. ಆಕೆಯ ಕಾಲು ಊದಿತ್ತು. ಆದರೂ ನೆಲಕ್ಕೆ ಕೂತು ಕೇರಿಯ ಮಕ್ಕಳ ಕಣ್ಣಿಗೆಲ್ಲ ಔಷಧಿ ಹಾಕಿದರು. ಹಡಗು ಹತ್ತಿ ಬಂದವರು, ತಮ್ಮವರು ಅನ್ನುವವರು ಇಲ್ಲಿ ಒಬ್ಬರಿಲ್ಲ. ಒಳ್ಳೆಯವರು. ಅದನ್ನು ಮೊದಲೇ ಬರೆದಿಡುತ್ತೇನೆ.

ಜನವರಿ ೧೧

ಕೊಬ್ಬರಿ ವ್ಯಾಪಾರದ ಸೋಮಶೇಖರಪ್ಪ ಕೊನೆಗೂ ಒಪ್ಪಿದ. ಗಂಡ ಹೆಂಡತಿ ಇಬ್ಬರೂ ದೀಕ್ಷಾಸ್ನಾನಕ್ಕೆ ಸಿದ್ಧ, ಫೆಬ್ರವರಿ ಮೊದಲ ಭಾನುವಾರ. ಹಿಗ್ಗಿಗೆ ನಮ್ಮ ಮನೆಯವರ ಕಾಲು ನೆಲದ ಮೇಲಿಲ್ಲ. ಸೋಮಶೇಖರಪ್ಪ ನೀನೂ ನಾನೂ ಹುಟ್ಟಿದ ಕುಲದವನೇ. ಬೇರೆ ಕುಲದಿಂದ ಸಭೆಗೆ ಬಂದವರೆಂದರೆ ಇದುವರೆಗೆ ನಾವಿಬ್ಬರೇ, ಉಳಿದವರೆಲ್ಲ ಕೇರಿಯವರು.

ಸೋಮಶೇಖರಪ್ಪ ಹೋಗುವಾಗ ಬಾಗಿಲಲ್ಲಿ ನಿಂತ. "ಒಂದ್ಮಾತು ಸ್ವಾಮಿ. ಆ ಬಟ್ಲು... ಒಂದೇ ಬಟ್ಲಿಗೆ ಎಲ್ರೂ ಬಾಯಿ ಹಚ್ಬೇಕಾ?"

"ಹೂಂ ಕಣಪ್ಪ," ಅಂದೆ ನಾನು.

"ನಿಮ್ಮುನ್ನ ಕೇಳ್ಲಿಲ್ಲ ಅಕ್ಕಾರೆ," ಅಂದ. ಅವನ ಹೆಂಡತಿ ಮಲ್ಲಿಕಾಂಬ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಜನವರಿ ೧೭

ತರೀಕೆರೆಯಿಂದ ಆರ್ಡರ್. ಕಡೂರಿನ ಕಡೆ ಪ್ಲೇಗು ಎದ್ದಿದೆಯಂತೆ. ಆದಕಾರಣ ಯಾರೂ ಬಟ್ಟಲಿಗೆ ತುಟಿ ತಗುಲಿಸಬಾರದು. ದೊರೆ ಮೇಲಿನಿಂದ ದ್ರಾಕ್ಷಾರಸ ಹುಯ್ಯುತ್ತಾರೆ, ಜನ ಬೊಗಸೆಯಲ್ಲಿ ಹಿಡಿದು ಕುಡಿಯಬೇಕು. ಸ್ವಂತ ಬಟ್ಟಲು ಉಳ್ಳವರು ತರಬಹುದು. ದೊರೆಸಾನಿಯ ಉಪಾಯ. ಶುಚಿಯಾಗಿರಲಿ ಎಂದು.

ಇವರು ಗಟ್ಟಿಯಾಗಿ ಓದಿ, "ನೋಡಿದ್ಯಾ, ದೇವರೇ ದಾರಿ ತೋರ್ಸ್ದ. ಸೋಮಶೇಖರಪ್ಪ ಬೆಳ್ಳಿ ಬಟ್ಲು ತರ್ತಾನೆ, ಯಾರಿಗೂ ನೋವಿಲ್ಲ," ಅಂದರು.

ಬೀಸುವ ಕೈ ನಿಂತಿತು. ಯಾರಿಗೂ ನೋವಿಲ್ಲ! ನಮ್ಮ ಮನೆ ಮುಂದೆ ಅವ್ವ ಕೇರಿಯವರಿಗೆ ನೀರು ಕೊಡುತ್ತಿದ್ದದ್ದು ಹೇಗೆ, ಸಾವಿತ್ರಿ? ಅವರು ಅಂಗಳದಲ್ಲಿ ಕುಕ್ಕರಗಾಲಲ್ಲಿ. ಅವ್ವ ಜಗಲಿ ಮೇಲೆ, ತಂಬಿಗೆ ಎತ್ತಿ. ತಂಬಿಗೆಗೂ ಬೊಗಸೆಗೂ ನಡುವೆ ಒಂದು ಮೊಳ. ದೊರೆಸಾನಿಗೆ ಇದನ್ನು ಹೇಳಿದವರು ಯಾರು? ಯಾರೂ ಇಲ್ಲ. ಇವರಿಗೆ ಗೊತ್ತಿತ್ತು. ಇವರೂ ಹೇಳಲಿಲ್ಲ.

ಜನವರಿ ೧೮, ಸಂಜೆ

ಹುಚ್ಚಮ್ಮನಿಗೆ ಹೇಳಿದೆ. ಮೊರದಲ್ಲಿ ಜೋಳ ಕೇರುತ್ತಿದ್ದಳು.

"ಬೊಗಸೆಗಾ?"

"ಪ್ಲೇಗಿಗಂತೆ ಕಣೇ."

"ಪ್ಲೇಗು ಬೆಳ್ಳಿ ಬಟ್ಲಿಗೆ ಹತ್ತಕ್ಕಿಲ್ವಾ?"

ನಾನು ಬಾಗಿ ಚೆಲ್ಲಿದ ಜೋಳ ಆಯತೊಡಗಿದೆ.

"ಗೌಡ್ರ ಹಟ್ಟಿ ಮುಂದೆ ಒಡ್ಡಿ ಒಡ್ಡಿ ಸಾಕಾಗೈತೆ ಕಣವ್ವ. ಅರ್ಧ ನೀರು ಮೊಣಕೈಲಿ ಇಳ್ದೋಗದು. ಈಗ ಯೇಸುಸ್ವಾಮಿನೂ ಮೇಲಿಂದ್ಲೇ ಹುಯ್ತಾನಾ?"

"ನೀನೂ ಒಂದು ಬಟ್ಲು ತಾರೆ. ನಂದೇ ಕೊಡ್ತೀನಿ."

ಮೊರ ಕೆಳಗಿಟ್ಟಳು. "ನಂಗೆ ಬ್ಯಾರೆ ಬಟ್ಲು ಬ್ಯಾಡ. ಅದೇ ಬೇಕು. ಮೊದುಲ್ನೇ ದಿನ ನಿನ್ನೆಂಜ್ಲು ನಂಗೆ ಬಂತು, ನನ್ನೆಂಜ್ಲು ಉಪದೇಸಿಯೋರ್ಗೆ ಹೋಯ್ತು. ಅವ್ರು ಕುಡುದ್ರು. ಅವತ್ತೇ ಕಣೇ ನಾನು ನಂಬಿದ್ದು. ಅಲ್ಲಿಗಂಟ ಬರೇ ಪದ ಹಾಡ್ತಿದ್ದೆ."

ಆಮೇಲೆ ಮತ್ತೆ ಕೇರತೊಡಗಿದಳು. ಹೊಟ್ಟು ಹಾರಿ ಎಲ್ಲ ನನ್ನ ಮೇಲೆ.

ಜನವರಿ ೨೩

ಒಬ್ಬಳೇ ಟ್ರೈನು ಹತ್ತಿ ತರೀಕೆರೆಗೆ ಹೋಗಿಬಂದೆ. ಇವರು ಬೇಡವೆಂದರು. ಬೇಡವೆಂದದ್ದಕ್ಕೇ ಹೊಸ ಸೀರೆ ಉಟ್ಟೆ.

ದೊರೆಸಾನಿ ವರಾಂಡದಲ್ಲಿ ಕಣ್ಣೌಷಧಿಗೆ ಹತ್ತಿ ಸುತ್ತುತ್ತಿದ್ದರು. ಹೇಳಿದೆ. "ಅಮ್ಮಾ, ಇದು ಎಲ್ಲರಿಗೂ ಸಮಾನವಲ್ಲವೇ?" ಅಂದರು, ಪುಸ್ತಕದ ಹಾಗೆ. ಜಗಲಿ ಮೆಟ್ಟಿಲ ಮೇಲೆ ಅವರನ್ನು ನಿಲ್ಲಿಸಿದೆ. ನಾನು ಕೆಳಗೆ ಕುಕ್ಕರಿಸಿ ಬೊಗಸೆ ಒಡ್ಡಿದೆ. "ಹೂಜಿಯಿಂದ ನೀರು ಹುಯ್ಯಿರಿ ತಾಯಿ." ಹುಯ್ದರು. ಮೊಣಕೈಯಿಂದ ನೀರು ಇಳಿದು ಹೊಸ ಸೀರೆ ತೊಯ್ದಿತು. ಆಕೆ ಹೂಜಿ ಕೆಳಗಿಟ್ಟರು. ಅರ್ಥವಾಯಿತು.

ದೊರೆಗೂ ಅರ್ಥವಾಯಿತು. ಅದೇ ಕಷ್ಟ. ಆ ಒಂದು ಮನೆ ಬಂದರೆ ಹಿಂದೆ ಅರ್ಧ ಊರು ಬಂದೀತು, ಕೇರಿಯವರು ಸ್ವಲ್ಪ ಕಾಲ ತಾಳಲಿ, ಅಂದರು. ಅವರು ತಾಳಿದ್ದು ಸಾಲದೇ, ಅಂದೆ. ಆರ್ಡರ್ ನಡೆಸಲಾಗದಿದ್ದರೆ ಬೇರೆ ಉಪದೇಶಿ ಬರುತ್ತಾನೆ, ನೀವಿರುವ ಮನೆ ಮಿಷನ್ನಿನದು, ಅಂದರು. ಮೆತ್ತಗೇ ಅಂದರು. ದೊರೆಸಾನಿ ಹತ್ತಿ ಸುತ್ತುತ್ತಲೇ ಇದ್ದರು...

ಫೆಬ್ರವರಿ ೩

ಒಣದ್ರಾಕ್ಷಿ ಕುದಿಸಿ ಹಿಂಡಿ ಸೋಸಿಟ್ಟೆ. ಪ್ರತಿ ತಿಂಗಳೂ ನನ್ನದೇ ಕೆಲಸ. ಇವರು ಒಲೆ ಪಕ್ಕ ಬಂದು ನಿಂತರು.

"ನಾಳೆ ಸುಮ್ನಿರ್ತೀಯೇನೇ?"

"ನೀವು ಸುಮ್ನಿರಿ. ನಿಮಗೆ ಅಭ್ಯಾಸ."

"ಈ ವಯಸ್ಸಲ್ಲಿ ಎಲ್ಲಿಗೆ ಹೋಗೋದು?"

ಬಡಿಸಿದೆ. ಉಣ್ಣಲಿಲ್ಲ. ನಾನು ಉಂಡೆ.

ಫೆಬ್ರವರಿ ೪, ಭಾನುವಾರ, ಮಧ್ಯಾಹ್ನ

ಆದದ್ದು ಆದ ಹಾಗೆ.

ದೀಕ್ಷಾಸ್ನಾನವಾಯಿತು. ಸೋಮಶೇಖರಪ್ಪ, ಮಲ್ಲಿಕಾಂಬ ಮುಂದೆ, ಬೇರೆ ಚಾಪೆ. ದೊರೆ ಮೊದಲು ಅವರ ಬೆಳ್ಳಿ ಬಟ್ಟಲಿಗೆ ಹುಯ್ದರು, ಅವರಿಬ್ಬರೂ ಕುಡಿದರು. ಆಮೇಲೆ ನಮ್ಮ ಸಾಲು. ಮೊದಲು ನಾನು, ಆಚೆ ಹುಚ್ಚಮ್ಮ, ಮುದ್ದಪ್ಪ, ಕೇರಿಯವರೆಲ್ಲ. ದೊರೆ ಸಭೆಯ ಹಳೇ ಬಟ್ಟಲು ಎತ್ತಿ ನಿಂತರು.

ಬೊಗಸೆ ಒಡ್ಡಲಿಲ್ಲ. ಪಕ್ಕಕ್ಕೆ ನೋಡಿದೆ. ಹುಚ್ಚಮ್ಮನ ಕೈ ಎರಡೂ ಸೆರಗಿನೊಳಗೆ. ಮುದ್ದಪ್ಪನವು ಕಂಕುಳಲ್ಲಿ. ಸಾಲಿನ ಕೊನೆಯವರೆಗೂ ಒಂದು ಕೈ ಮುಂದೆ ಇಲ್ಲ. ನಾನು ಹೇಳಿಕೊಟ್ಟದ್ದಲ್ಲ, ಸಾವಿತ್ರಿ. ಆಣೆ.

ಎದ್ದು ನಿಂತು ಬಟ್ಟಲು ಹಿಡಿದೆ. ದೊರೆ ಬಿಡಲಿಲ್ಲ. ನಾನೂ ಬಿಡಲಿಲ್ಲ. ರಸ ತುಳುಕಿ ಅವರ ಬಿಳಿ ತೋಳಿಗೆ ಬಿತ್ತು. ದೊರೆಸಾನಿ ಅವರ ಭಾಷೆಯಲ್ಲಿ ಒಂದೇ ಮಾತು ಅಂದರು. ದೊರೆ ಕೈ ಬಿಟ್ಟರು.

ತುಟಿ ಹಚ್ಚಿ ಕುಡಿದೆ. ಹುಚ್ಚಮ್ಮನಿಗೆ ಕೊಟ್ಟೆ. ಬೇಕೆಂದೇ ಸೊರ್ರೆಂದು ಕುಡಿದಳು. ಮುದ್ದಪ್ಪ, ಆಮೇಲೆ ಎಲ್ಲರೂ. ಕೊನೆಗೆ ಬಟ್ಟಲು ಇವರ ಮುಂದೆ ಬಂತು. ಇವರು ದೊರೆಯ ಪಕ್ಕದಲ್ಲೇ ನಿಂತಿದ್ದರು. ಬಟ್ಟಲು ನೋಡಿದರು. ನನ್ನನ್ನು ನೋಡಲಿಲ್ಲ.

ಕುಡಿದರು. ತಳ ಕಾಣುವ ಹಾಗೆ ಎತ್ತಿ ಕುಡಿದರು.

ಸೋಮಶೇಖರಪ್ಪ ಹೆಂಡತಿಯನ್ನು ಕರೆದುಕೊಂಡು ಎದ್ದು ಹೋದ. ಮಲ್ಲಿಕಾಂಬ ಬಾಗಿಲಲ್ಲಿ ತಿರುಗಿದಳು. ಇವತ್ತು ನಗಲಿಲ್ಲ.

ಫೆಬ್ರವರಿ ೬

ಆರ್ಡರ್ ಬಂತು. ಹೊಸ ಉಪದೇಶಿ ಬರುವನು, ಮನೆ ಬಿಡತಕ್ಕದ್ದು. ಕ್ಷಮೆ ಕೇಳಿದರೆ ವಿಚಾರಿಸಲಾಗುವುದು. ಇವರು ಎರಡು ಸಲ ಓದಿದರು. "ಬೀಗದ ಕೈ ಎಲ್ಲೇ?" ಅಂದರು. ಕೊಟ್ಟೆ. ತಾವೇ ಸ್ಟೇಷನ್ನಿಗೆ ಒಯ್ದು, ತರೀಕೆರೆಗೆ ಹೋಗುವವರ ಕೈಯಲ್ಲಿ ಕಳಿಸಿ ಬಂದರು. ಬಂದು ಊಟ ಕೇಳಿದರು.

ಫೆಬ್ರವರಿ ೨೦, ಬೆಳಿಗ್ಗೆ

ಮುದ್ದಪ್ಪನ ಹಿತ್ತಿಲಲ್ಲಿ ಒಂದಂಕಣದ ಗುಡಿಸಲು. ಗರಿ ಹೊದಿಸಿದ್ದು ಹುಚ್ಚಮ್ಮ. "ಸೋರಿದ್ರೆ ಬೊಗ್ಸೆ ಒಡ್ಕೋ," ಅಂದಳು, ತಾನೇ ಬಿದ್ದು ಬಿದ್ದು ನಕ್ಕಳು. ಇವರ ಶಾಲೆ ಬೇವಿನ ಮರದಡಿ ನಡೆಯುತ್ತಿದೆ. ಮಿಷನ್ ಮನೆಗೆ ಹೊಸಬ ಬಂದಿದ್ದಾನೆ, ಒಬ್ಬನೇ ಗಂಟೆ ಬಾರಿಸುತ್ತಾನೆ.

ಸಾವಿತ್ರಿ, ಇದಿಷ್ಟನ್ನೂ ಇವತ್ತು ಕಾರ್ಡಿಗೆ ಇಳಿಸುತ್ತೇನೆ, ಹಿಡಿಸದಿದ್ದರೆ ಎರಡು ಕಾರ್ಡು. ಅಂಚೆಯವನು ಕೇರಿಯ ಬಾಯಲ್ಲೇ ನಿಂತು ಕೂಗುತ್ತಾನೆ, ಒಳಗೆ ಕಾಲಿಡುವುದಿಲ್ಲ. ನಾನೂ ಎದ್ದು ಹೋಗುವುದಿಲ್ಲ. ಅವನೇ ಬರಲಿ. ಅದಕ್ಕೆ ನಿನ್ನ ಕಾಗದ ಬೇಕು. ಒಂದಲ್ಲ, ಮೇಲಿಂದ ಮೇಲೆ. ವಿಳಾಸ ಅಣ್ಣನ ಕೈಲಿ ಬರೆಸಬೇಡ, ಅವನು ಬರೇ ಅಜ್ಜಂಪುರ ಅಂತ ಬರೆದು ಬಿಟ್ಟಾನು. ನೀನೇ ಬರೆ. ಹೊಲಗೇರಿ ಎಂದು ದಪ್ಪಕ್ಷರದಲ್ಲಿ, ದೇವನೂರಿನ ಅಂಚೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ. ಬೇಗ ಬರೆ ತಾಯಿ, ಈ ವಾರವೇ—