ಏಪ್ರಿಲ್‌ನ ಹಸಿರು

ಮೇ ೬, ನವನಗರ
ಮತ್ತೆ ಸ್ಕ್ರೀನ್. ಉಪಗ್ರಹ ತೆಗೆದ ಏಪ್ರಿಲ್ ಚಿತ್ರ. ಹೊಲವೆಲ್ಲ ಒಣಗಿ ಕಂದು. ನೀರಿಲ್ಲದ ಕಡೆಯೂ ಹಸಿರಾಗಿ ಉಳಿಯುವುದು ಬಳ್ಳಾರಿ ಜಾಲಿ ಎಂಬ ಮುಳ್ಳುಕಳೆ ಒಂದೇ. ಹಸಿರು ಕಂಡಲ್ಲಿ ಗೆರೆ ಎಳೆ, ಕೆಂಪು ತುಂಬು. ಆಮೇಲೆ ಜೆಸಿಬಿ ಹೋಗಿ ಕೀಳುತ್ತದೆ. ಯೋಚನೆ ಬೇಡದ ಕೆಲಸ. ನನಗೆ ಒಗ್ಗಿದೆ.

ಗಂಡ ಶಂಕರ ತೀರಿ ಇದು ನಾಲ್ಕನೇ ಬೇಸಿಗೆ. ಅಳು ಬಂದಿಲ್ಲ. ಹಸಿವೂ ಅಷ್ಟಕ್ಕಷ್ಟೆ.

ಮೇ ೯
ಗೆರೆ ಎಳೆದ ಜಾಗಗಳನ್ನು ಕಣ್ಣಾರೆ ನೋಡಿ ಬರುವ ದಿನ. ಹುನಗುಂದದ ಕಡೆ ಜೀಪಿನಲ್ಲಿ. ಕೊನೆಯದು ಗಂಡನ ಊರಿನ ರುದ್ರಭೂಮಿ. ಜೊತೆಗಿದ್ದ ಶಕೀಲ ಬಾಗಿಲು ತೆಗೆದ.

"ಇಳೀರಿ ಮೇಡಂ, ಇದೊಂದು ಉಳದೈತಿ."

"ಬ್ಯಾಡ. ಜಾಲಿನ ಅದು. ನಾ ನೋಡೀನಿ."

ಎಲ್ಲಿ ನೋಡಿದ್ದೆ… ಅವನಿಗೆ ಮಣ್ಣು ಕೊಟ್ಟ ದಿನ ಬಿಟ್ಟರೆ ಆ ಕಡೆ ಕಾಲಿಟ್ಟಿಲ್ಲ. ನೋಡಿ ಬಂದೆ ಎಂದು ಸಹಿ ಹಾಕಿದೆ.

ಮೇ ೨೦, ಬೆಳಿಗ್ಗೆ
ಅತ್ತೆ ಗುರುಸಿದ್ದವ್ವನ ಫೋನ್. ದನಿ ಏರಿಸಲಿಲ್ಲ.

"ಬಸೂ, ರುದ್ರಭೂಮಿಗೆ ಜೆಸಿಬಿ ಬಂದೈತಿ. ಶಂಕರನ ಗೋರಿ ಸುತ್ತ ನಾ ಹಚ್ಚಿದ ಬೇವು, ಬಿಲ್ಪತ್ರಿ, ಎಲ್ಲಾ ಜಾಲಿ ಅಂತ ನಕ್ಷಾದಾಗ ಬರದಾರಂತ. ದಿನಾ ನೀರು ಹೊತ್ತು ಬೆಳಸೀನಿ. ನೀ ಅದ ಆಫೀಸಿನಾಕಿ, ಒಂದು ಮಾತು ಹೇಳವ್ವ."

ಗಿಡ ಹಚ್ಚಿದ್ದು ಮೊದಲೇ ಹೇಳಿರಬೇಕು. ನಾನು ಕಿವಿಗೆ ಹಾಕಿಕೊಂಡಿಲ್ಲ. ನೀರು ಹೊತ್ತದ್ದರಿಂದ ಹಸಿರು. ಹಸಿರಾದ್ದರಿಂದ ಕೆಂಪು.

ಜೆಸಿಬಿಯವನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಬಸ್ ಹಿಡಿಯುತ್ತೇನೆ.

ಅದೇ ದಿನ, ಸಂಜೆ
ಬಿಲ್ಪತ್ರಿ ಹೋಗಿದೆ. ಬೇವು ಒಂದೇ ಉಳಿದಿದೆ, ಅದಕ್ಕೆ ಬೆನ್ನು ಕೊಟ್ಟು ಅತ್ತೆ ಕೂತಿದ್ದರು. ಜೆಸಿಬಿ ಮುಂದೆಯೇ ನಿಂತಿತ್ತು. ಇದು ಜಾಲಿಯಲ್ಲ, ತಪ್ಪು ನನ್ನದು ಎಂದು ಜೆಸಿಬಿಯವನಿಗೆ ಬರೆದುಕೊಟ್ಟೆ. ಅವನು ಗಾಡಿ ಹಿಂದೆ ತೆಗೆದ.

"ಗೆರಿ ಎಳದಾಕಿ ನಾನರಿ ಅತ್ತಿ. ಬಂದು ನೋಡದನ ಎಳದೆ."

ಬೈಯಲಿ ಎಂದು ನಿಂತೆ. ನಾಚಿಕೆಯಾಗುತ್ತಿತ್ತು. ಅವರು ಬಿದ್ದ ಗಿಡಗಳ ಕಡೆ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಕೊಡ ನನ್ನ ಕಡೆ ಸರಿಸಿದರು.

"ಇವತ್ತಿಂದು ಇನ್ನೂ ಹಾಕಿಲ್ಲ. ನೀ ಹಾಕು."

ಬೇವಿನ ಬುಡಕ್ಕೆ ಕೊಡ ಬಗ್ಗಿಸಿದೆ. ಅರ್ಧಕ್ಕೆ ಕೈ ನಿಂತಿತು.

"ಯಾಕ? ಹಾಕು, ಅವಂಗೂ ಮುಟ್ಟಲಿ."

ಹೂಂ ಎನ್ನಲು ಹೋದೆ. ಅಳು ಬಂತು.

ಈಗಲೂ ನಿಂತಿಲ್ಲ. ಬರೆಯಲು…