ಅವರು ಬಿಗಿದ ನಟ್ಟು

ಶನಿವಾರ, ರಾತ್ರಿ ಹತ್ತೂವರೆ. ಕಾರಿನ ಚಕ್ರದ ನಟ್ಟು ಬಿಚ್ಚುವ ಬ್ಯಾಟರಿ ಮೆಷಿನ್ ತರಲು ಬೆಳಿಗ್ಗೆ ಚಳ್ಳಕೆರೆ ಪೇಟೆಗೆ ಹೋಗಿದ್ದೆ. ನಮ್ಮ ಯಜಮಾನರು ತೀರಿಕೊಂಡಾಗಿನಿಂದ ಕಾರು ಪಂಕ್ಚರ್ ಆಗಿ ಅಂಗಳದಲ್ಲೇ ನಿಂತಿದೆ. ಮೊಳಕಾಲ್ಮೂರಿಗೆ ಬಟ್ಟೆ ವ್ಯಾಪಾರಕ್ಕೆ ಹೋಗದೆ ನಾನೂ ಮನೆಯಲ್ಲೇ ಇದ್ದೇನೆ.

ಅಂಗಡಿಯ ಅಫ್ಜಲ್ ಎರಡು ಮೆಷಿನ್ ಮುಂದಿಟ್ಟ. "ಸಣ್ಣದು ಬ್ಯಾಡ ಭಾಬಿ. ಶಾಹಿದಣ್ಣ ನಟ್ಟು ತಿರುಗ್ಸೋ ಪಾನಾ ಮ್ಯಾಲೆ ಹತ್ತಿ ನಿಂತು ಬಿಗಿಯೋರು. ಆ ನಟ್ಟು ಇದಕ್ಕೆ ಜಗ್ಗಲ್ಲ."

ಗೊತ್ತಿದ್ದೇ ಸಣ್ಣದು ತಂದೆ. ಸಂಜೆ ಹಿಡಿದಾಗ ಟಕಟಕ ಬಡಿಯಿತು, ನಟ್ಟು ಕದಲಲಿಲ್ಲ. ಅವರ ಕೈಯ ಬಿಗಿ ಇನ್ನೂ ಹಾಗೇ ಇದೆಯೆಂದು ಸಮಾಧಾನವಾಯಿತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಬಿಚ್ಚು ಬೇಟಿ. ಗಾಡಿ ಹಿಂಗೆ ನಿಲ್ಲಿಸಿದ್ರೆ ಅವ್ನು ಬೈತಿದ್ದ."

ಸಣ್ಣ ಮೆಷಿನ್ ಮತ್ತೆ ಡಬ್ಬಿಯಲ್ಲಿದೆ. ನಾಳೆ ಮಧ್ಯಾಹ್ನದವರೆಗೆ ಅಫ್ಜಲ್ ಅಂಗಡಿ ತೆರೆದಿರುತ್ತದೆ; ದೊಡ್ಡದಕ್ಕೆ ಬದಲಿಸಿ ತರಬೇಕು.